ಸೂರಿಗಿಂತ ಎತ್ತರದ ಟ್ಯಾಂಕು

ನೆಮಾನಿ ಹನ್ನೊಂದು ವರ್ಷ ಜಿಲ್ಲೆಯ ಫುಟ್‌ಬಾಲ್ ತಂಡಕ್ಕೆ ಆಡಿದ್ದ, ಅದರಲ್ಲಿ ಆರು ವರ್ಷ ಫಿಜಿ ದೇಶದ ತಂಡಕ್ಕೂ. ಜನ ಅವನನ್ನು ನೆನಪಿಟ್ಟುಕೊಂಡದ್ದು ಮಾತ್ರ ಅವನು ಕೆಸರಿನಲ್ಲಿ ಬೋರಲು ಬಿದ್ದ ದಿನಕ್ಕಾಗಿ.

ಅಂತರ ಜಿಲ್ಲಾ ಫೈನಲ್, ಎಂಬತ್ತೆಂಟನೇ ನಿಮಿಷ. ಬಲಬದಿ ಕಾಯಬೇಕಾದವನು ತನ್ನದೂ ಒಂದು ಗೋಲು ಇರಲಿ ಎಂದು ಮುಂದಕ್ಕೆ ಓಡಿಹೋಗಿ ಅಲ್ಲೇ ಉಳಿದಿದ್ದ. ಅವನ ಜಾಗವನ್ನೂ ತನ್ನ ಜಾಗವನ್ನೂ ಒಬ್ಬನೇ ಕಾಯುತ್ತಿದ್ದ ನೆಮಾನಿ ಗಕ್ಕನೆ ತಿರುಗುವಾಗ ಜಾರಿದ. ಎದುರು ತಂಡದ ಸೈಮೋನೆ ಚೆಂಡಿನೊಂದಿಗೆ ಅವನನ್ನು ದಾಟಿದವನು ಸುಮ್ಮನೆ ಹೋಗಲಿಲ್ಲ. ನಿಂತ, ಬಗ್ಗಿದ, ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಒತ್ತಿಕೊಂಡು ‘ಮಲಗು ಕಂದ’ ಎಂಬಂತೆ ಸನ್ನೆ ಮಾಡಿದ, ಆಮೇಲೆ ನಿಧಾನವಾಗಿ ಗೋಲು ಹೊಡೆದ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅದೇ ಚಿತ್ರ. ಅಂದಿನಿಂದ ಹದಿನಾರು ವರ್ಷ, ಸುವಾ ಪೇಟೆಯಲ್ಲಿ ದಾಲೋ ಗೆಡ್ಡೆ ಮಾರುವ ಹೆಂಗಸಿನಿಂದ ಹಿಡಿದು ಅವನ ಹಲ್ಲು ಕಿತ್ತ ಡಾಕ್ಟರನವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ನಿದ್ದೆ ಆಯ್ತಾ?”

ಮಂಡಿ ಕೈಕೊಟ್ಟು ಆಟ ಬಿಟ್ಟಾಗ ಅವನಿಗೆ ಮೂವತ್ತೊಂದು. ಮೊದಲು ಕೆಲಸ ಕೊಟ್ಟ ವಿಮಾ ಕಂಪನಿ ಅವನನ್ನು ಬಾಗಿಲ ಬಳಿ ನಿಲ್ಲಿಸಿತು, ಬಂದವರು ಫೋಟೋ ತೆಗೆಸಿಕೊಳ್ಳಲಿ ಎಂದು. ಒಂದೂವರೆ ವರ್ಷ ನಗುತ್ತ ನಿಂತ. ಆಮೇಲೆ ಸಂಜೆ ಕಾಲೇಜಿಗೆ ಸೇರಿ ವಾಣಿಜ್ಯ ಪದವಿ ಮಾಡಿದ. ಗೊಬ್ಬರದ ಅಂಗಡಿ, ಪೈಪಿನ ಕಾರ್ಖಾನೆ ಎಂದು ಸುತ್ತಾಡಿ, ಈಗ ಆರು ವರ್ಷದಿಂದ ಆಕ್ಲೆಂಡಿನ ಕಂಪನಿಯೊಂದರ ನೀರಿನ ಟ್ಯಾಂಕುಗಳನ್ನು ಫಿಜಿಯಲ್ಲಿ ಮಾರುವ ಮ್ಯಾನೇಜರು. ಒಂದು ಮನೆಯ ತಗಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಎಷ್ಟು ಲೀಟರು, ಅದರಲ್ಲಿ ಸೋರಿ, ಆವಿಯಾಗಿ, ಎಲೆಕಸದಲ್ಲಿ ಸಿಕ್ಕಿ ಹೋಗುವುದೆಷ್ಟು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲ. ಆದರೆ ಅವನ ನಿದ್ದೆಯ ಮಾತೆತ್ತದೆ ಲೀಟರಿನ ಮಾತು ಕೇಳುವ ಗಿರಾಕಿಯೇ ಇರಲಿಲ್ಲ.

ಈ ಜೂನ್ ತಿಂಗಳಲ್ಲಿ ಅವನ ಮುಂದಿದ್ದುದು ವಾಲುಸೌ ಎಂಬ ಊರು. ಎಂಬತ್ತಾರು ಮನೆ, ಎಂಬತ್ತಾರು ಟ್ಯಾಂಕು. ಒಪ್ಪಂದಕ್ಕೆ ರುಜು ಬಿದ್ದರೆ ಖಾಲಿಯಿರುವ ಫಿಜಿ ಮುಖ್ಯಸ್ಥನ ಕುರ್ಚಿ ನಿನ್ನದು, ಇಲ್ಲದಿದ್ದರೆ ಇಲ್ಲಿಂದ ಒಬ್ಬನನ್ನು ಕಳಿಸುತ್ತೇವೆ ಎಂದು ನಿರ್ದೇಶಕ ಡಂಕನ್ ಫೋನಿನಲ್ಲಿ ಹೇಳಿದ್ದ. ಹೇಳಿ ಸುಮ್ಮನಿರದೆ, ರುಜು ಹಾಕಿಸುವುದನ್ನು ಕಣ್ಣಾರೆ ನೋಡುತ್ತೇನೆಂದು ತಾನೇ ವಿಮಾನ ಹತ್ತಿ ಬಂದೂಬಿಟ್ಟ.

ತೊಡಕು ಟ್ಯಾಂಕಿನಲ್ಲಿತ್ತು. ಕಂಪನಿಯ ಗೋದಾಮಿನ ತುಂಬ ಇದ್ದುದು ಸಪೂರದ, ಎರಡು ಮೀಟರ್ ಅರವತ್ತೈದು ಎತ್ತರದ ಟ್ಯಾಂಕುಗಳು. ಸಪೂರವಾದಷ್ಟೂ ಹಡಗಿನ ಕಂಟೇನರ್ ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಯುತ್ತವೆ ಎಂದು ಡಂಕನ್ನೇ ಆರಿಸಿ ತರಿಸಿದ್ದು. ವಾಲುಸೌ ಊರಿನ ಮನೆಗಳನ್ನು ಚಂಡಮಾರುತದ ನಂತರ ತಗ್ಗಾಗಿ ಕಟ್ಟಿದ್ದರು, ಗಾಳಿಗೆ ಸೂರು ಹಾರದಿರಲೆಂದು. ಮಾರ್ಚಿನಲ್ಲಿ ಹೋಗಿದ್ದಾಗ ನೆಮಾನಿ ಮೂವತ್ತೊಂದು ಮನೆಗಳನ್ನು ಟೇಪು ಹಿಡಿದು ಅಳೆದಿದ್ದ. ಸೂರಿನ ಅಂಚು ಎರಡು ಮೀಟರ್ ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಸೂರಿನ ನೀರು ತನಗಿಂತ ಎತ್ತರದ ಟ್ಯಾಂಕಿನ ಬಾಯಿಗೆ ಏರಿ ಬೀಳುವುದಿಲ್ಲ, ಇದಕ್ಕೆ ಪದವಿ ಬೇಕಿಲ್ಲ. ಅವನು ಆಕ್ಲೆಂಡಿಗೆ ಪತ್ರ ಬರೆದ. ಉತ್ತರವಿಲ್ಲ. ಅಳತೆಯ ಪಟ್ಟಿ, ಚಿತ್ರ ಎಲ್ಲ ಲಗತ್ತಿಸಿ ಮತ್ತೊಮ್ಮೆ ಬರೆದ: ಗಿಡ್ಡನೆಯ, ಅಗಲದ ಮಾದರಿ ಮಾಡಿಸಿ ಕಳಿಸಿ. ಈ ಸಲ ಉತ್ತರ ಬಂತು. “ಭಲೇ! ಎಷ್ಟು ವಿವರವಾಗಿ ಬರೆದಿದ್ದೀಯ!” ಅಷ್ಟೇ.

ಬೆಳಗ್ಗೆ ಲಾರಿಗೆ ಮಾದರಿ ಟ್ಯಾಂಕು ಹೇರುವಾಗ ನೆಮಾನಿ ಮತ್ತೊಮ್ಮೆ ಹೇಳಿ ನೋಡಿದ. “ಡಂಕನ್, ಇದು ಅಲ್ಲಿನ ಮನೆಗಳಿಗೆ ಆಗಲ್ಲ. ಬರೆದಿದ್ದೆನಲ್ಲ.”

“ತಾಂತ್ರಿಕ ವಿಷಯ ಆಮೇಲೆ ನೋಡ್ಕೊಳ್ಳೋಣ ನೆಮಾನಿ. ಇವತ್ತು ರುಜು ಮುಖ್ಯ. ನೀನು ಅವರಿಗೆ ಗೊತ್ತಿರೋ ಮನುಷ್ಯ, ಆಟಗಾರ. ಆ ನಿದ್ದೆ ಕಥೆ ಹೇಳು, ನಗಿಸು, ಸಾಕು.”

ನೆಮಾನಿ ಲಾರಿಯ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿಕೊಂಡ. ಚಾಲಕ ಶಲೆನ್ ಕನ್ನಡಿಯಲ್ಲಿ ನೋಡಿ, ಅವನಿಗೆ ಮಾತ್ರ ಕೇಳುವಂತೆ, “ಬಾಗಿಲು ಏನ್ ಮಾಡ್ತು ಭಯ್ಯಾ? ಅದೂ ಜಾಗ ಬಿಟ್ಟು ಓಡಿದ ಬಲಬದಿ ಬ್ಯಾಕಾ?” ಎಂದ.

ವಾಲುಸೌ ಊರಿನಲ್ಲಿ ಇನ್ನೊಂದು ತೊಡಕಿತ್ತು. ನೀರಿನ ಸಮಿತಿಯ ಅಧ್ಯಕ್ಷ ಸೈಮೋನೆ. ಅದೇ ಸೈಮೋನೆ. ಸಾಲದ್ದಕ್ಕೆ ಅವನ ಊರಿಗೂ ನೆಮಾನಿಯ ಊರಿಗೂ ಮೂಲದೈವ ಒಂದೇ. ಆದ್ದರಿಂದ ಎರಡೂ ಊರಿನವರು ತಲೆತಲಾಂತರದಿಂದ ತೌವು, ಎಂದರೆ ಹುಟ್ಟಿನಿಂದಲೇ ಭಾವ-ಭಾವಮೈದುನರಿದ್ದಂತೆ. ತೌವು ಆದವನು ಬಾಯಿಗೆ ಬಂದಂತೆ ಹೀಯಾಳಿಸಬಹುದು, ಕಣ್ಣಿಗೆ ಹಿಡಿಸಿದ್ದನ್ನು ಎತ್ತಿಕೊಂಡು ಹೋಗಬಹುದು. ಇಲ್ಲ ಎನ್ನುವಂತಿಲ್ಲ, ಸಿಟ್ಟಾಗುವಂತಿಲ್ಲ. ಸಿಟ್ಟಾದವನು ಸೋತ.

ಸಭಾಮನೆಯಲ್ಲಿ ಚಾಪೆಗಳನ್ನು ಹಾಸಿದ್ದರು. ನೆಮಾನಿಗೆಂದು ಮೀಸಲಿಟ್ಟ ಜಾಗದಲ್ಲಿ, ಕಸೂತಿ ಹೂವಿನ ಗೌಸು ತೊಡಿಸಿದ ದಿಂಬೊಂದಿತ್ತು.

“ಬಾ ಭಾವ, ಬಾ,” ಎಂದ ಸೈಮೋನೆ. ಈಗ ಅವನಿಗೆ ಹೊಟ್ಟೆ ಬಂದಿತ್ತು, ಹಲ್ಲು ಒಂದು ಹೋಗಿತ್ತು, ನಗು ಮಾತ್ರ ಹಾಗೇ ಇತ್ತು. “ದೂರದಿಂದ ಬಂದಿದ್ದೀಯ. ಮೊದಲು ಒಂದು ಗಳಿಗೆ ಅಡ್ಡಾಗು. ವ್ಯಾಪಾರ ಎಲ್ಲಿಗೂ ಓಡ್ಹೋಗಲ್ಲ. ನಾನಾದ್ರೆ ಓಡ್ಹೋಗ್ತಿದ್ದೆ.”

ಚಾಪೆಯ ಉದ್ದಕ್ಕೂ ನಗೆ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗಿಲ್ಲದ್ದಕ್ಕೆ ಬೀಸಣಿಗೆಯಲ್ಲಿ ಬಾಯಿ ಮುಚ್ಚಿಕೊಂಡರು.

“ನಿನ್ನ ಹೊಟ್ಟೆ ನೋಡಿದ್ರೆ ಓಡೋ ಹಾಗೆ ಕಾಣಲ್ಲ,” ಎಂದ ನೆಮಾನಿ, ದಿಂಬನ್ನು ಪಕ್ಕಕ್ಕೆ ಸರಿಸುತ್ತ. “ಈಗ ನಿನ್ನ ಹಿಡಿಯೋಕೆ ನಾನು ಬೇಕಿಲ್ಲ, ನಿನ್ನ ನೆರಳೇ ಸಾಕು.”

“ನೋಡಿದ್ರಾ, ಎಚ್ಚರ ಆಗಿದೆ!”

ಡಂಕನ್ ಪ್ಯಾಂಟಿನ ಮೇಲೆ ಸುತ್ತಿಕೊಂಡ ಸುಲು ಪಂಚೆಯಲ್ಲಿ ಕಾಲು ಮಡಚಲಾಗದೆ ಒದ್ದಾಡುತ್ತಿದ್ದ. ಏನು ಹೇಳುತ್ತಿದ್ದಾರೆಂದು ತಿಳಿಯದಿದ್ದರೂ ಜೊತೆಯಲ್ಲಿ ನಕ್ಕ. ನೆಮಾನಿ ತಾನು ತಂದಿದ್ದ ಯಂಗೋನ ಬೇರಿನ ಕಟ್ಟನ್ನು ಊರ ಯಜಮಾನ ತೋಮಾಸಿಯ ಮುಂದಿಟ್ಟು, ಬಂದ ಕಾರಣ ಹೇಳಿ, ಊರೊಳಗೆ ಬರಲು ಅಪ್ಪಣೆ ಬೇಡಿದ. ತೋಮಾಸಿ ಕಟ್ಟನ್ನು ಮುಟ್ಟಿ ಒಪ್ಪಿಸಿಕೊಂಡ. ಬೇರು ಕುಟ್ಟಿ, ಮರದ ಬೋಗುಣಿಯಲ್ಲಿ ಕಲಸಿ, ಕರಟದಲ್ಲಿ ಕುಡಿದದ್ದೂ ಆಯಿತು, ವಾಡಿಕೆಯ ಚಪ್ಪಾಳೆಯೂ ಆಯಿತು.

ನೆಮಾನಿ ಹಾಳೆಗಳನ್ನು ಬಿಡಿಸಿದ. ಮಳೆ ಎಷ್ಟು, ಸೂರಿನ ಅಗಲ ಎಷ್ಟು, ಐದು ಜನರ ಸಂಸಾರಕ್ಕೆ ಒಣದಿನಗಳಲ್ಲಿ ಎಷ್ಟು ನೀರು ಬೇಕು ಎಂದು ಸುರುಮಾಡಿದ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಸೈಮೋನೆ ಕೈಯೆತ್ತಿದ.

“ಭಾವ, ಲಾರಿ ಮೇಲೆ ಇದೆಯಲ್ಲ, ಅದು ಯಾರ ಟ್ಯಾಂಕು?”

ನೆಮಾನಿ ಹಾಳೆಗಳನ್ನು ಕೆಳಗಿಟ್ಟ. “ಕಂಪನೀದು. ಮಾದರಿಗೆ ತಂದಿದ್ದು.”

“ಚೆನ್ನಾಗಿದೆ. ನನ್ನ ಕಣ್ಣಿಗೆ ಬಿತ್ತು. ತಗೊಂಡೆ.”

“ಸೈಮೋನೆ, ಅದು ನನ್ನದಲ್ಲ ಮಾರಾಯ.”

“ನೀನು ತಂದೆ, ನಾನು ತಗೊಂಡೆ. ಏಳ್ರೋ ಹುಡುಗರಾ!”

ಹುಡುಗರೆಂದರೆ ನಲವತ್ತು ದಾಟಿದ ಎಂಟು ಗಂಡಸರು. ಅವರು ಎದ್ದು ಹೊರಟೇಬಿಟ್ಟರು.

“ಎಲ್ಲಿಗೆ ಹೋಗ್ತಿದ್ದಾರೆ?” ಎಂದ ಡಂಕನ್.

“ಟ್ಯಾಂಕು ಇಳಿಸ್ಕೋತಿದ್ದಾರೆ.”

“ನೋಡೋಕಾ? ಒಳ್ಳೇದು, ಒಳ್ಳೇದು.”

“ಇಟ್ಕೊಳ್ಳೋಕೆ.”

“ರುಜು ಹಾಕದೇನೇ? ಅದು ಕಳ್ಳತನ ಅಲ್ವಾ?”

“ಅಲ್ಲ, ಸಂಬಂಧ,” ಎಂದ ನೆಮಾನಿ.

ಎಂಟೂ ಜನ ಟ್ಯಾಂಕನ್ನು ಉರುಳಿಸಿಕೊಂಡು, ಪದ ಹೇಳಿಕೊಂಡು, ಸೈಮೋನೆಯ ಮನೆಯ ಗೋಡೆಗೆ ತಂದು ನಿಲ್ಲಿಸಿದರು. ಇಡೀ ಸಭೆ ಹೊರಗೆ ಬಂದು ನಿಂತಿತು. ಹಸಿರು ಟ್ಯಾಂಕಿನ ತಲೆ ಸೂರಿನ ಅಂಚನ್ನು ದಾಟಿ ಎರಡು ಗೇಣು ಮೇಲೆ ಹೋಗಿ, ಕುಳ್ಳರ ಮನೆಗೆ ಬಂದ ಉದ್ದನೆಯ ಅಳಿಯನಂತೆ ನಿಂತಿತು.

ಒಬ್ಬ ಮುದುಕಿ ಅದನ್ನು ಮೇಲಿಂದ ಕೆಳಗೆ ನೋಡಿ, “ಇದಕ್ಕೆ ನೀರು ತುಂಬೋಕೆ ಮಳೆ ಕೆಳಗಿಂದ ಮೇಲಕ್ಕೆ ಬರಬೇಕೇನಪ್ಪ?” ಎಂದಳು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಡಂಕನ್ ಮುಖ ಬೆವೆತಿತ್ತು. ಅವನು ಟ್ಯಾಂಕನ್ನು ಒಮ್ಮೆ, ಸೂರನ್ನು ಒಮ್ಮೆ ನೋಡಿದ. ಆ ನೋಟದಲ್ಲೇ ನೆಮಾನಿಗೆ ತಿಳಿಯಿತು: ಇವನು ಎರಡು ಪತ್ರದಲ್ಲಿ ಒಂದನ್ನೂ ಓದಿಲ್ಲ.

“ಗುಂಡಿ ತೋಡೋಕೆ ಹೇಳು,” ಎಂದ ಡಂಕನ್, ತಗ್ಗಿದ ದನಿಯಲ್ಲಿ. “ಅರ್ಧ ಮೀಟರು ಹೂತುಬಿಟ್ಟರೆ ಆಯ್ತಲ್ಲ.”

“ನಲ್ಲಿ ಇರೋದು ಬುಡದಲ್ಲಿ.”

“ಹೇಳು ಮಾರಾಯ, ಸುಮ್ನೆ ಹೇಳು.”

ನೆಮಾನಿ ಹೇಳಿದ. ಸೈಮೋನೆಗೆ ಅದು ಹಬ್ಬದೂಟ. “ನಲ್ಲಿ ನೆಲದೊಳಗೆ ಇದ್ರೆ ನೀರು ಹಿಡಿಯೋದು ಹೇಗೆ ಭಾವ? ಬೋರಲು ಮಲಗಿ ಹಿಡೀಬೇಕಾ? ನಿನಗೆ ಅಭ್ಯಾಸ ಇದೆ, ಎಂಬತ್ತಾರು ಮನೆಗೂ ನೀನೇ ಬಂದು ಹಿಡಿದುಕೊಡ್ತೀಯಾ?”

ನಗೆ ಇನ್ನೊಮ್ಮೆ ಎದ್ದಿತು. ಅದು ಅಡಗುವುದನ್ನೇ ಕಾದಿದ್ದವನಂತೆ ಯಜಮಾನ ತೋಮಾಸಿ ಕೋಲೂರಿ ಮುಂದೆ ಬಂದ. ಅವನು ನಕ್ಕಿರಲಿಲ್ಲ.

“ನೆಮಾನಿ, ಮಾರ್ಚ್ ತಿಂಗಳಲ್ಲಿ ನೀನು ಬಂದು ನಮ್ಮ ಮನೆಗಳನ್ನ ಅಳೆದೆ. ಟೇಪಿನ ಇನ್ನೊಂದು ತುದಿ ನನ್ನ ಸೊಸೆ ಹಿಡಿದಿದ್ದಳು. ಇದು ಹೊಂದಲ್ಲ ಅಂತ ನಿನಗೆ ಆಗಲೇ ಗೊತ್ತಿತ್ತಾ?”

ಈ ಪ್ರಶ್ನೆಯಲ್ಲಿ ತೌವು ಇರಲಿಲ್ಲ, ತಮಾಷೆ ಇರಲಿಲ್ಲ. ಗೊತ್ತಿರಲಿಲ್ಲ ಎಂದರೆ ಅಳತೆ ಬಾರದ ದಡ್ಡ. ಗೊತ್ತಿತ್ತು ಎಂದರೆ ಗೊತ್ತಿದ್ದೂ ಮಾರಲು ಬಂದ ಖದೀಮ. ಡಂಕನ್ ಕಡೆ ಬೆರಳು ತೋರಿಸಿದರೆ, ಊರಿಗೆ ಕರೆತಂದ ಅತಿಥಿಯ ಮಾನ ತೆಗೆದಂತೆ. ನೆಮಾನಿಗೆ ಇದ್ದಕ್ಕಿದ್ದಂತೆ ಎಲ್ಲದರಿಂದಲೂ ರೋಸಿಹೋಯಿತು. ಹಿಂದೆ ಯಾರೋ ಬಿಟ್ಟುಹೋದ ಜಾಗ ಕಾಯುವುದು, ಅಲ್ಲಿ ತಾನು ಜಾರುವುದು, ಜಾರಿದ್ದಷ್ಟೇ ಜನರ ಕಣ್ಣಿಗೆ ಬೀಳುವುದು. ಸಾಕಾಗಿತ್ತು.

“ಗೊತ್ತಿತ್ತು ಯಜಮಾನ್ರೇ,” ಎಂದ. “ಎರಡು ಸಲ ಆಕ್ಲೆಂಡಿಗೆ ಬರೆದೆ. ಕೇಳಲಿಲ್ಲ. ಕೇಳಲಿಲ್ಲ ಅಂದಮೇಲೆ ನಾನು ಈ ಟ್ಯಾಂಕು ಹೇರಿಕೊಂಡು ಬರಬಾರದಿತ್ತು. ಬಂದೆ. ಇವತ್ತು ರುಜು ಬಿದ್ರೆ ನನಗೆ ದೊಡ್ಡ ಕುರ್ಚಿ ಕೊಡ್ತೀನಿ ಅಂದಿದ್ದಾರೆ. ಅದಕ್ಕೆ ಬಂದೆ. ನೀವು ಇದನ್ನ ತಗೋಬೇಡಿ. ನಿಮಗೆ ಬೇಕಾಗಿರೋದು ಗಿಡ್ಡ, ಅಗಲದ್ದು. ನೀರು ಅಷ್ಟೇ ಹಿಡಿಯುತ್ತೆ, ಎತ್ತರ ಒಂದು ಮೀಟರ್ ಎಂಬತ್ತು. ಬರೋಕೆ ನಾಲ್ಕು ತಿಂಗಳು. ಮಳೆ ಶುರುವಾಗೋದರೊಳಗೆ ಬರುತ್ತೆ.”

ತೋಮಾಸಿ ಕೋಲೂರಿ ಕಾದು ನಿಂತ. ಇಂಥ ತಪ್ಪಿಗೆ ಬಾಯಿಮಾತಿನ ಕ್ಷಮೆ ಸಲ್ಲುವುದಿಲ್ಲ, ಯಂಗೋನ ಇಟ್ಟು ಬೇಡಬೇಕು. ನೆಮಾನಿ ತಂದಿದ್ದುದು ಒಂದೇ ಕಟ್ಟು, ಅದು ಅಪ್ಪಣೆಗೆ ಮುಗಿದಿತ್ತು. ಇಷ್ಟು ವರ್ಷ ಹಳ್ಳಿಹಳ್ಳಿ ತಿರುಗಿದವನು ಎರಡನೇ ಕಟ್ಟು ತಾರದೆ ಬರುವುದೆಂದರೇನು? ಹತ್ತಿರದ ಅಂಗಡಿಗೂ ಹೋಗಿಬರಲು ಒಂದು ತಾಸು ಬೇಕು.

ಸೈಮೋನೆ ತನ್ನ ಮನೆಯೊಳಗೆ ಹೋದ. ಹಿಂದಿರುಗುವಾಗ ಅವನ ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಬೇರಿನ ಕಟ್ಟಿತ್ತು. ಅದನ್ನು ನೆಮಾನಿಯ ಎದೆಗೆ ಒಗೆದ.

“ನಿನ್ನ ಟ್ಯಾಂಕು ನಾನು ತಗೊಂಡೆ, ನನ್ನ ಯಂಗೋನ ನೀನು ತಗೋ. ಹಿಡಿ ಸರಿಯಾಗಿ. ತಪ್ಪು ಮಾಡೋಕೂ ತಯಾರಿ ಬೇಕು ಅಂತ ಪದವಿ ಕಾಲೇಜಿನಲ್ಲಿ ಹೇಳ್ಕೊಡಲಿಲ್ವಾ?”

“ನಿನ್ನಂಥ ಮೇಷ್ಟ್ರು ಸಿಗಲಿಲ್ಲ,” ಎಂದ ನೆಮಾನಿ. ಕಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡ.

ಮತ್ತೆ ಚಾಪೆಯ ಮೇಲೆ ಕುಳಿತರು. ನೆಮಾನಿ ಕಟ್ಟನ್ನು ಮುಂದಿಟ್ಟು ತಲೆ ತಗ್ಗಿಸಿದ.

“ರುಜು ಹಾಕ್ತಿದ್ದಾರಾ?” ಎಂದು ಡಂಕನ್ ಪಿಸುಗುಟ್ಟಿದ.

“ಇಲ್ಲ. ನಾನು ಕ್ಷಮೆ ಕೇಳ್ತಿದ್ದೀನಿ. ನನ್ನದೂ, ನಿಮ್ಮದೂ ಸೇರಿಸಿ. ಟೋಪಿ ತೆಗೀರಿ.”

“ನಾನೇನು ಮಾಡಿದೆ?”

“ನನ್ನ ಪತ್ರ ಓದಲಿಲ್ಲ. ಎತ್ತರದ ಟ್ಯಾಂಕು ತಗೋಬೇಡಿ ಅಂತ ನಾನೇ ಅವರಿಗೆ ಹೇಳಿದೆ. ಟೋಪಿ ತೆಗೀರಿ ಡಂಕನ್!”

ಡಂಕನ್ ತೆಗೆದ. ಅವನ ಬೋಳುತಲೆ ಸೆಕೆಗೆ ಕೆಂಪಾಗಿತ್ತು, ಕಿವಿಗಳು ಇನ್ನೂ ಕೆಂಪು. ತೋಮಾಸಿ ಕಟ್ಟನ್ನು ಮುಟ್ಟಿದ. ಹಳೆಯ ಮಾತಿನಲ್ಲಿ ಹರಸಿ, ತಪ್ಪು ಮಣ್ಣಿಗೆ ಹೋಯಿತು ಎಂದ. ಆಮೇಲೆ ಅದೇ ಉಸಿರಿನಲ್ಲಿ, ಸಂತೆಯ ದನಿಯಲ್ಲಿ, “ಗಿಡ್ಡದ್ದು ಎಂಬತ್ತಾರು. ಅಕ್ಟೋಬರ್ ಕೊನೆಯೊಳಗೆ. ಕಾಗದದಲ್ಲಿ ಹಾಗೆ ಬರೀಲಿ, ರುಜು ಹಾಕ್ತೀವಿ,” ಎಂದ.

ನೆಮಾನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ.

ಡಂಕನ್ ಒಪ್ಪಂದದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಮಾದರಿಯ ಸಾಲಿನ ಮೇಲೆ ಬೆರಳಿಟ್ಟ. “ಗೋದಾಮಿನಲ್ಲಿ ಇನ್ನೂರು ಎತ್ತರದ್ದು ಬಿದ್ದಿವೆ,” ಎಂದ. “ನಾನು ಈ ಸಾಲು ಹೊಡೆದುಹಾಕಿದ್ರೆ ಅವನ್ನ ಯಾರು ಮಾರೋದು?”

“ನಾನು.”

“ಯಾರಿಗೆ?”

“ಪೇಟೆಯಲ್ಲಿ ಮಹಡಿ ಮನೆಗಳಿವೆ. ಶಾಲೆಗಳಿವೆ. ಚರ್ಚುಗಳಿವೆ. ಸೂರು ಎತ್ತರ ಇರೋರು ಈ ದೇಶದಲ್ಲೂ ಇದ್ದಾರೆ.”

“ನನ್ನ ಜಾಗದಲ್ಲಿ ಕೂತು ನೀನು ತೀರ್ಮಾನ ತಗೊಂಡೆ ನೆಮಾನಿ.”

“ಆ ಜಾಗ ಖಾಲಿ ಇತ್ತು.”

ಮಾತು ಬಾಯಿಂದ ಹೊರಟ ಮೇಲೆ ನೆಮಾನಿ ಕಣ್ಣು ಮುಚ್ಚಿದ. ಹೋಯಿತು ಕುರ್ಚಿ. ಹೋಗಲಿ. ಪಕ್ಕದಲ್ಲಿ ಸೈಮೋನೆ, “ಏನಂತೆ, ಏನಂತೆ?” ಎಂದು ಮೊಣಕೈಯಿಂದ ತಿವಿಯುತ್ತಿದ್ದ.

“ಬಾಯ್ಮುಚ್ಚು ಭಾವ, ಎರಡು ನಿಮಿಷ.”

ಡಂಕನ್ ಪೆನ್ನು ತೆಗೆದ. ಮಾದರಿಯ ಸಂಖ್ಯೆ ಇದ್ದ ಸಾಲನ್ನು ಹೊಡೆದುಹಾಕಿ, ಮೇಲೆ ಹೊಸ ಅಳತೆ ಬರೆಯಲು ಹೋಗಿ ನಿಂತ. “ಎತ್ತರ ಎಷ್ಟಂದೆ?”

“ಒಂದು ಎಂಬತ್ತು. ವ್ಯಾಸ ಎರಡು. ಪತ್ರದಲ್ಲಿ ಇತ್ತು.”

ಡಂಕನ್ ತಲೆಯೆತ್ತದೆ ಬರೆದುಕೊಂಡ. ತಿದ್ದಿದಲ್ಲೆಲ್ಲ ತನ್ನ ಪುಟ್ಟ ರುಜು ಹಾಕಿದ. ತೋಮಾಸಿ ಹಾಕಿದ, ಸೈಮೋನೆ ಹಾಕಿದ. ಸೈಮೋನೆ ಅಕ್ಷರಗಳನ್ನು ಎಷ್ಟು ನಿಧಾನವಾಗಿ ತಿದ್ದಿದನೆಂದರೆ ಹೆಂಗಸರು ಅಷ್ಟರಲ್ಲಿ ಮೀನು, ಬೇಯಿಸಿದ ದಾಲೋ, ತೆಂಗಿನಹಾಲಿನ ಸೊಪ್ಪು ತಂದು ಸಾಲಾಗಿ ಇಟ್ಟು ಮುಗಿಸಿದ್ದರು.

ಹೊರಡುವಾಗ ಡಂಕನ್ ಲಾರಿಯ ಖಾಲಿ ಹಿಂಬದಿಯನ್ನು ನೋಡಿದ. “ಆ ಟ್ಯಾಂಕು ವಾಪಸ್ಸು ಬರಲ್ವಾ?”

“ಬರಲ್ಲ.”

“ಅವನಿಗೆ ಅದರಿಂದ ಏನು ಉಪಯೋಗ?”

ನೆಮಾನಿ ತಿರುಗಿ ನೋಡಿದ. ಸೈಮೋನೆ ಟ್ಯಾಂಕಿನ ಸುತ್ತ ಸುತ್ತುತ್ತ, ಗರಗಸ ತನ್ನಿ ಎಂದು ಯಾರಿಗೋ ಕೂಗುತ್ತಿದ್ದ. “ಕೊಯ್ಯಬೇಡ ಕಣೋ! ಬಾಯಿ ತೆರೆದಿಟ್ರೆ ಸೊಳ್ಳೆ ಆಗುತ್ತೆ, ಊರಿಗೆಲ್ಲ ಜ್ವರ ಬರುತ್ತೆ!” ಎಂದು ನೆಮಾನಿ ಕಿಟಕಿಯಿಂದ ಕೂಗಿದ.

“ನನ್ನ ಟ್ಯಾಂಕು ನನ್ನಿಷ್ಟ!” ಎಂದು ಉತ್ತರ ಬಂತು.

ಲಾರಿ ಮುಖ್ಯರಸ್ತೆಗೆ ಸೇರಿತು. ಡಂಕನ್, ಮುಂದಿನ ರಸ್ತೆಯನ್ನೇ ನೋಡುತ್ತ, “ಕ್ರಿಸ್ಮಸ್ ಒಳಗೆ ಇನ್ನೂರೂ ಮಾರು. ಕುರ್ಚಿ ವಿಷಯ ಆಗ ನೋಡೋಣ,” ಎಂದ.

“ಅಲ್ಲಿವರೆಗೆ?”

“ಅಲ್ಲಿವರೆಗೆ ಆ ಕೆಲಸ ನೀನೇ ನೋಡ್ಕೊ. ಮುಖ್ಯಸ್ಥ ಅನ್ನೋ ಹೆಸರು ಮಾತ್ರ ಬೇಡ.”

ಶಲೆನ್ ಕೆಮ್ಮಿದ. ಅದು ಕೆಮ್ಮಲ್ಲವೆಂದು ನೆಮಾನಿಗೆ ಗೊತ್ತಿತ್ತು. ಕೆಲಸ ಇದೆ, ಹೆಸರಿಲ್ಲ, ಮೇಲೆ ಬೇರೆಯವನು ಕೊಂಡ ಇನ್ನೂರು ಟ್ಯಾಂಕು. ನೆಮಾನಿ ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಶಲೆನ್, ಸ್ವಲ್ಪ ನಿಧಾನ ಹೊಡಿ.”

“ಯಾಕೆ ಭಯ್ಯಾ?”

“ಎಡಗಡೆ ನೀನು ನೋಡು, ಬಲಗಡೆ ನಾನು. ಮಹಡಿ ಮನೆ ಕಂಡ್ರೆ ಹೇಳು.”

ಕೋರೊವೌ ಪೇಟೆ ಬರುವಷ್ಟರಲ್ಲಿ ಹನ್ನೊಂದು ಸಿಕ್ಕವು. ಹನ್ನೆರಡನೆಯದನ್ನು ಡಂಕನ್ ತೋರಿಸಿದ. ಅದು ಮನೆಯಲ್ಲ, ಪೊಲೀಸ್ ಠಾಣೆ; ಸೂರು ಮಾತ್ರ ಎತ್ತರವಿತ್ತು. ನೆಮಾನಿ ಹಲ್ಲು ಕಚ್ಚಿಕೊಂಡು ಅದನ್ನೂ ಬರೆದುಕೊಂಡ.